ಸೂಜಿ ಹೊದಿಸಿದ ಸುಖಾಸನ

ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿ ಒಂದು ಹಳೆಯ ಸುಖಾಸನವಿದೆ. ಎತ್ತರವಾದ ಬೆನ್ನು, ಕುಳಿತವರ ಕೆನ್ನೆಗೆ ಮರೆಯಾಗುವಂತೆ ಇಕ್ಕೆಲದಲ್ಲಿ ಚಾಚಿದ ರೆಕ್ಕೆಗಳು, ಹೊರಕ್ಕೆ ಸುರುಳಿ ಸುತ್ತಿದ ತೋಳುಗಳು. ಮುಂದಿನಿಂದ ನೋಡಿದರೆ ಅದರ ಮೈಯೆಲ್ಲ ಬಣ್ಣಬಣ್ಣದ ಉಣ್ಣೆಯ ಹೊಲಿಗೆ ಮೊನೆಮೊನೆಯಾಗಿ ಏರಿಳಿಯುತ್ತದೆ. ಸುತ್ತಿ ಹಿಂದಕ್ಕೆ ಬಂದರೆ ನೋಟವೇ ಬೇರೆ. ಅಲ್ಲಿ ಬೆಟ್ಟಗಳಿವೆ, ಜಿಂಕೆಗಳಿವೆ, ಹಕ್ಕಿಗಳಿವೆ. ಒಂದು ಇಡೀ ವನಪ್ರದೇಶವೇ ಸೂಜಿಯ ಮೊನೆಯಿಂದ ಮೂಡಿ ನಿಂತಿದೆ. ಕುಳಿತವರ ಕಣ್ಣಿಗೆ ಬೀಳದ ಚಿತ್ರಕ್ಕಾಗಿ ಇಷ್ಟು ಶ್ರಮಪಟ್ಟ ಕೈ ಎಂತಹುದಿದ್ದೀತು!

ಗವುಸಿನ ಮರೆಯಲ್ಲಿ, ಆಸನದ ಮೇಲುಪಟ್ಟಿಯ ಮರದ ಮೇಲೆ ಒಂದು ಬರೆಹವಿದೆ: ಗಾರ್ಡ್ನರ್ ಎಂಬ ಹೆಸರು, ನ್ಯೂಪೋರ್ಟ್ ಎಂಬ ಊರು, 1758ರ ಮೇ ತಿಂಗಳು. ರೋಡ್ ಐಲೆಂಡಿನ ನ್ಯೂಪೋರ್ಟ್ ಆಗ ಬ್ರಿಟಿಷ್ ವಸಾಹತಿನ ರೇವುಪಟ್ಟಣ. ಕೇಲಬ್ ಗಾರ್ಡ್ನರನು ಕುರ್ಚಿಗಳಿಗೆ ಮೆತ್ತೆ ಕಟ್ಟಿ ಗವುಸು ಹೊದಿಸುವ ಕಸುಬಿನವನು. ಅವನು ತನ್ನ ಹೆಸರನ್ನು ಮರದ ಮೇಲೆ ಬರೆದಿಟ್ಟನು. ಹೊಲಿಗೆಯಲ್ಲಿ ಮಾತ್ರ ಯಾರ ಹೆಸರೂ ಇಲ್ಲ. ನೋಡಬಂದವರು ಇಂದು ನಿಂತು ಬೆರಗಾಗುವುದು ಆ ಹೆಸರಿಲ್ಲದ ಹೊಲಿಗೆಗೇ.

ಇಂತಹ ರೆಕ್ಕೆಯ ಆಸನ ಅಂದು ನಡುಮನೆಯ ಅಲಂಕಾರವಾಗಿರಲಿಲ್ಲ. ಮುದುಕರು, ಕಾಯಿಲೆಯವರು, ಬಾಣಂತಿಯರು ಮಲಗುವ ಕೋಣೆಯಲ್ಲಿ ಬೆಂಕಿಗೂಡಿನ ಬಳಿ ಇದನ್ನು ಹಾಕಿಕೊಂಡು ಕೂರುತ್ತಿದ್ದರು. ರೆಕ್ಕೆಗಳು ಬೆಂಕಿಯ ಕಾವನ್ನು ಹಿಡಿದಿಡುತ್ತಿದ್ದವು, ಕಿಟಕಿಯ ಸಂದಿನಿಂದ ನುಗ್ಗುವ ಶೀತಗಾಳಿಯನ್ನು ತಡೆಯುತ್ತಿದ್ದವು. ಚೌಕಟ್ಟಿಗೆ ನಾರಿನ ಪಟ್ಟಿಗಳನ್ನು ಬಿಗಿದು, ಮೇಲೆ ಒರಟು ನಾರುಬಟ್ಟೆ ಹಾಸಿ, ಜವುಗು ನೆಲದ ಹುಲ್ಲನ್ನೋ ಕುದುರೆಯ ಕೂದಲನ್ನೋ ತುಂಬಿ, ಕೊನೆಗೆ ಗವುಸು ಹೊದಿಸುವುದು ಆ ಕಾಲದ ಕ್ರಮ. ಸ್ಪ್ರಿಂಗ್ ಹಾಕಿದ ಕುರ್ಚಿ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಬಡಗಿಯ ಕೂಲಿಗಿಂತ ಬಟ್ಟೆಯ ಬೆಲೆಯೇ ಹೆಚ್ಚಾಗುತ್ತಿದ್ದ ಕಾಲವದು. ಆದುದರಿಂದ ಬಿಡುವೂ ಕುಶಲತೆಯೂ ಇದ್ದ ಮನೆಗಳಲ್ಲಿ ಹೆಂಗಸರು ತಾವೇ ಗವುಸನ್ನು ಹೊಲಿದು ಕಸುಬುದಾರನ ಕೈಗೆ ಕೊಡುತ್ತಿದ್ದರು.

ಇಂಗ್ಲೆಂಡಿನಲ್ಲಿಯೂ ಹೀಗೆಯೇ. ತಾಮಸ್ ಚಿಪೆಂಡೇಲನು 1754ರಲ್ಲಿ ಪೀಠೋಪಕರಣಗಳ ಹೆಸರಾಂತ ಮಾದರಿ ಪುಸ್ತಕವನ್ನು ಹೊರತಂದಾಗ, ಫ್ರೆಂಚ್ ಶೈಲಿಯ ಕುರ್ಚಿಗಳ ಬೆನ್ನಿಗೂ ಪೀಠಕ್ಕೂ ಚಿತ್ರನೇಯ್ಗೆಯನ್ನಾಗಲಿ ಸೂಜಿಯ ಕೆಲಸವನ್ನಾಗಲಿ ಹೊದಿಸಬೇಕೆಂದು ಸೂಚಿಸಿದ್ದಾನೆ. ಅಮೆರಿಕದ ಪ್ರಥಮ ಅಧ್ಯಕ್ಷನ ಮಡದಿ ಮಾರ್ಥಾ ವಾಷಿಂಗ್ಟನ್ ತನ್ನ ಮನೆಯ ಕುರ್ಚಿಗಳಿಗೆಂದು ಚಿಪ್ಪಿನ ವಿನ್ಯಾಸದ ಮೆತ್ತೆಗಳ ಜೊತೆಯೊಂದನ್ನು ಹಲವು ದಶಕಗಳ ಕಾಲ ಹೊಲಿದಳು. ರಾಷ್ಟ್ರವೊಂದು ಹುಟ್ಟಿ ಬೆಳೆಯುವಷ್ಟರಲ್ಲಿ ಒಂದು ಜೊತೆ ಮೆತ್ತೆ!

ಇಷ್ಟು ಕಾಲ ಏಕೆ ಬೇಕೆಂಬುದು ನಮ್ಮ ಉತ್ತರ ಕರ್ನಾಟಕದ ತಾಯಂದಿರಿಗೆ ಹೇಳದೆಯೇ ತಿಳಿಯುತ್ತದೆ. ಇಳಕಲ್ ಸೀರೆಯ ಮೇಲೆ ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆಗಳನ್ನು ಎಣಿಸುತ್ತಾರೆ. ಕುರ್ಚಿಯ ಗವುಸಿನಲ್ಲಿಯೂ ಎಣಿಕೆಯೇ ಮುಖ್ಯ. ಮಾರ್ಥಾಳ ಮೆತ್ತೆಗಳಲ್ಲಿರುವ ಅಡ್ಡಹೊಲಿಗೆ ನಮ್ಮ ಮೆಂತಿಯ ಒಡಹುಟ್ಟು. ಭೇದವಿಷ್ಟೇ: ಸೀರೆಯಲ್ಲಿ ನೆಲಬಟ್ಟೆಯ ಬಣ್ಣವೂ ಚಿತ್ರದ ಭಾಗ, ಕುರ್ಚಿಯ ಕ್ಯಾನ್‌ವಾಸಿನಲ್ಲಿ ಒಂದು ಎಳೆಯೂ ಹೊರಗೆ ಕಾಣಬಾರದು. ಟೆಂಟ್ ಹೊಲಿಗೆ ಎಂಬುದರಲ್ಲಿ ಒಂದೊಂದು ಹೊಲಿಗೆಯೂ ಹಾಸುಹೊಕ್ಕಿನ ಎಳೆಗಳು ಕೂಡುವ ಒಂದೇ ಒಂದು ಸ್ಥಾನವನ್ನು ಓರೆಯಾಗಿ ಮುಚ್ಚುತ್ತದೆ. ಅಂಗುಲಕ್ಕೆ 18 ಹೊಲಿಗೆಯೆಂದರೆ ಚದರ ಅಂಗುಲಕ್ಕೆ 324. ಹದಿನೆಂಟು ಅಂಗುಲ ಅಗಲ, ಹದಿನಾರು ಅಂಗುಲ ಉದ್ದದ ಒಂದು ಪೀಠಕ್ಕೆ 93,312 ಹೊಲಿಗೆ. ಅಂಥ ಆರು ಕುರ್ಚಿಗಳಾದರೆ ಎಷ್ಟೆಂಬುದನ್ನು ವಾಚಕರೇ ಗುಣಿಸಿಕೊಳ್ಳಲಿ.

ನ್ಯೂಪೋರ್ಟಿನ ಆಸನದ ಮುಂಭಾಗದಲ್ಲಿರುವುದು ಐರಿಷ್ ಹೊಲಿಗೆ. ಇದರಲ್ಲಿ ಹೊಲಿಗೆಗಳು ನೆಟ್ಟಗೆ ನಿಂತು, ಒಂದೊಂದೂ ಹಲವು ಎಳೆಗಳನ್ನು ದಾಟುತ್ತದೆ; ಕೆಲಸ ಬೇಗ ಸಾಗುತ್ತದೆ. ಪಕ್ಕದ ಹೊಲಿಗೆ ಮೆಟ್ಟಿಲಿನಂತೆ ತುಸು ಏರುತ್ತದೆ, ಅಥವಾ ಇಳಿಯುತ್ತದೆ. ಮೊದಲ ಸಾಲನ್ನು ಸರಿಯಾಗಿ ಎಣಿಸಿದರೆ ಉಳಿದ ಸಾಲುಗಳು ಅದನ್ನೇ ಅನುಸರಿಸುತ್ತವೆ. ಮೊದಲನೆಯದೇ ತಪ್ಪಿತೋ, ಕೊನೆಯವರೆಗೂ ತಪ್ಪು ಜೊತೆಗೇ ಬರುತ್ತದೆ. ಇದೇ ಬಗೆಯ ಹೊಲಿಗೆಗೆ ಬಾರ್ಜೆಲ್ಲೊ ಎಂಬ ಹೆಸರೂ ಉಂಟು. ಇಟಲಿಯ ಫ್ಲಾರೆನ್ಸಿನಲ್ಲಿ ಹಿಂದೆ ಸೆರೆಮನೆಯಾಗಿದ್ದು ಅನಂತರ ವಸ್ತುಸಂಗ್ರಹಾಲಯವಾದ ಬಾರ್ಜೆಲ್ಲೊ ಭವನದ ಹಳೆಯ ಕುರ್ಚಿಗಳಿಂದ ಆ ಹೆಸರು ಬಂದಿತು.

19ನೆಯ ಶತಮಾನದಲ್ಲಿ ಈ ಕಲೆಯ ಹಣೆಬರಹ ಬದಲಾಯಿತು. 1804ರ ಸುಮಾರಿಗೆ ಬರ್ಲಿನ್ ನಗರದ ವ್ಯಾಪಾರಿಯೊಬ್ಬನು ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿದ ಮಾದರಿಗಳನ್ನು ಅಚ್ಚುಹಾಕಿಸಿದನು. ಒಂದು ಚೌಕಕ್ಕೆ ಒಂದು ಹೊಲಿಗೆ. 1810ರಿಂದ ವಿಟಿಕ್ ಎಂಬ ಮತ್ತೊಬ್ಬ ಪ್ರಕಾಶಕ, ಸ್ವತಃ ಸೂಜಿ ಬಲ್ಲ ಪತ್ನಿಯ ಪ್ರೇರಣೆಯಿಂದ, ಇದನ್ನೇ ದೊಡ್ಡ ಉದ್ಯಮವಾಗಿ ಬೆಳೆಸಿದನು. 1831ರಿಂದ ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ಮಾದರಿಗಳೂ ಮೃದುವಾದ ಬರ್ಲಿನ್ ಉಣ್ಣೆಯೂ ಹೇರಳವಾಗಿ ದೊರೆಯತೊಡಗಿದವು. 1840ರ ವೇಳೆಗೆ ಪ್ರಕಟವಾಗಿದ್ದ ಮಾದರಿಗಳು ಸುಮಾರು 14,000! ಗುಲಾಬಿಯ ಗೊಂಚಲು, ಗಿಳಿ, ಮುದ್ದಿನ ನಾಯಿ ಮನೆಮನೆಯ ಕುರ್ಚಿಗಳನ್ನೇರಿದವು. 1856ರಲ್ಲಿ ಹದಿನೆಂಟು ವಯಸ್ಸಿನ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಹೋಗಿ ನೇರಿಳೆ ಬಣ್ಣವನ್ನು ಕಂಡುಹಿಡಿದ ಬಳಿಕ ಕೃತಕ ಬಣ್ಣಗಳ ಭರಾಟೆ ಮೊದಲಾಯಿತು. ಉಣ್ಣೆಯೂ ಕಣ್ಣು ಕುಕ್ಕುವಂತಾಯಿತು.

ಬರ್ಲಿನ್ ಕೆಲಸವನ್ನು ಹೀಗಳೆಯುವುದು ರಸಿಕರ ವಾಡಿಕೆ. 1872ರಲ್ಲಿ ಲಂಡನ್ನಿನಲ್ಲಿ ಕಲಾತ್ಮಕ ಸೂಜಿ ಕೆಲಸದ ರಾಜಶಾಲೆ ಸ್ಥಾಪಿತವಾದಾಗ ಇಂತಹ ಯಾಂತ್ರಿಕ ಅನುಕರಣೆಯ ವಿರುದ್ಧ ಎದ್ದ ಅಭಿರುಚಿ ಅದರ ಹಿಂದಿತ್ತು. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಚಿತ್ರ ಬರೆಯಲು ಬಾರದ ಸಾಮಾನ್ಯ ಗೃಹಿಣಿಯೂ ತನ್ನ ಮನೆಯ ಕುರ್ಚಿಯ ಮೇಲೆ ಗುಲಾಬಿ ಅರಳಿಸಬಹುದೆಂದು ತೋರಿಸಿದ್ದು ಆ ಚೌಕುಳಿ ಕಾಗದವೇ. ಅದನ್ನು ಮರೆಯುವುದು ನ್ಯಾಯವಲ್ಲ.

ಇನ್ನು ಇಂದಿನ ಮಾತು. ಹಳೆಯ ಕುರ್ಚಿಗಳ ಮರ ಉಳಿದುಬಂದಷ್ಟು ಅವುಗಳ ಗವುಸು ಉಳಿದುಬಂದಿಲ್ಲ. ಸವೆದ ಕೂಡಲೇ ಕಿತ್ತು ಹೊಸ ಬಟ್ಟೆ ಬಡಿಯುವುದು ಎಲ್ಲ ಮನೆಗಳ ಪದ್ಧತಿ. ನ್ಯೂಪೋರ್ಟಿನ ಆಸನ ಅಷ್ಟು ಅಮೂಲ್ಯವಾದದ್ದು ಅದು ಈ ಗತಿಯಿಂದ ಪಾರಾದುದರಿಂದ. ಹಳೆಯ ಕಸೂತಿಯ ಕುರ್ಚಿಯನ್ನು ಕೊಳ್ಳಹೋಗುವವರು ಕೆಲವನ್ನು ಗಮನಿಸಬೇಕು. ಚಿತ್ರದ ನಡುವಣ ಹೂಗೊಂಚಲು ಪೀಠದ ನಡುವಿಗೆ ಬಂದಿದೆಯೇ, ಅಥವಾ ಬೇರೆಲ್ಲಿಂದಲೋ ಕತ್ತರಿಸಿ ತಂದು ಹೊದಿಸಿದಂತಿದೆಯೇ? ತೊಡೆಯೊರಗುವ ಮುಂದಿನ ಅಂಚು ಹೆಚ್ಚು ಸವೆದಿದೆಯೇ? ಚೌಕಟ್ಟಿನಲ್ಲಿ ಮೊಳೆಯ ತೂತುಗಳು ಸಾಲುಸಾಲಾಗಿದ್ದರೆ ಹಲವು ಗವುಸುಗಳು ಬಂದುಹೋಗಿವೆ ಎಂದೇ ತಿಳಿಯಬೇಕು. ಅಂತಹ ಮರದ ಮೇಲಿನ ಕಸೂತಿ ಎಷ್ಟೇ ಹಳೆಯದಾದರೂ ಆ ಕುರ್ಚಿಗೆ ದತ್ತುಮಗು.

ಮನೆಯಲ್ಲಿ ಇರುವವರು ಅದನ್ನು ಬಿಸಿಲಿಗೆ ಹಾಕಬಾರದು, ತೊಳೆಯಬಾರದು. ಉಣ್ಣೆಗೆ ನುಸಿಹುಳುವಿನ ಭಯ. ಅದು ಕತ್ತಲೆಯ ಮಡಿಕೆಗಳಲ್ಲಿ ಮೊಟ್ಟೆಯಿಡುವುದರಿಂದ ಆಗಾಗ್ಗೆ ಸಂದುಗೊಂದುಗಳನ್ನು ನೋಡುತ್ತಿರಬೇಕು. ಧೂಳನ್ನು ಬಡಿದು ಕೊಡವದೆ, ತೆಳುವಾದ ಬಲೆಬಟ್ಟೆಯನ್ನು ಮೇಲಿಟ್ಟು ಯಂತ್ರದಿಂದ ಮೆಲ್ಲಗೆ ಸೆಳೆಯಬೇಕು. ಹಳೆಯ ಕೆಲಸಗಳಲ್ಲಿ ಕಡುಕಂದು ಗೆರೆಗಳು ಎಲ್ಲಕ್ಕಿಂತ ಮೊದಲು ಉದುರುತ್ತವೆ. ಬಣ್ಣ ಕಚ್ಚಲೆಂದು ಸೇರಿಸಿದ ಕಬ್ಬಿಣದ ಅಂಶ ಉಣ್ಣೆಯನ್ನೇ ತಿಂದುಹಾಕುತ್ತದೆ. ಹೂವು ಉಳಿದು ಅದರ ಅಂಚು ಮಾತ್ರ ಮಾಯವಾಗಿರುವುದಕ್ಕೆ ಇದೇ ಕಾರಣ.

ಮತ್ತೊಂದು ವಿಚಿತ್ರವನ್ನು ಕಂಡು ಹಲವರು ಬೆರಗಾಗುತ್ತಾರೆ. ಹಳೆಯ ಕಸೂತಿಯ ಎಲೆಗಳು ಹಸಿರಾಗಿರದೆ ನೀಲಿಯಾಗಿರುತ್ತವೆ. ಹೊಲಿದವಳು ನೀಲಿ ಎಲೆಗಳನ್ನು ಹೊಲಿದಿರಲಿಲ್ಲ. ಉಣ್ಣೆಯನ್ನು ನೀಲಿಯಲ್ಲಿಯೂ ಗಿಡದ ಹಳದಿಯಲ್ಲಿಯೂ ಅದ್ದಿ ಹಸಿರು ಬರಿಸುತ್ತಿದ್ದರು. ವರ್ಷಗಳ ಬೆಳಕಿಗೆ ಹಳದಿ ಹಾರಿಹೋಗಿ ನೀಲಿ ಉಳಿಯಿತು. ಎಷ್ಟೋ ಕುರ್ಚಿಗಳ ಪೀಠವನ್ನು ಚೌಕಟ್ಟಿನಿಂದ ಹಾಗೆಯೇ ಮೇಲಕ್ಕೆತ್ತಬಹುದು. ಎತ್ತಿ ತಿರುವಿ ನೋಡಿದರೆ, ಕೆಳಕ್ಕೆ ಮಡಿಚಿ ಮೊಳೆ ಹೊಡೆದ ಅಂಚಿನಲ್ಲಿ, ಬೆಳಕು ಕಾಣದ ಕಡೆ, ಅರ್ಧ ಎಲೆಯೊಂದು ಇನ್ನೂ ಹಚ್ಚಹಸಿರಾಗಿಯೇ ಇರುತ್ತದೆ.