ಉಪನಗರದಲ್ಲಿ ಉತ್ತಮ ಸುಶಿ: ಜಪಾನೀ ಭೋಜನಾಲಯವನ್ನು ಆಯ್ಕೆಮಾಡುವ ಬಗೆ

ವ್ಯಾಪಾರದ ನಿಮಿತ್ತ ಜಪಾನಿಗಾಗಲಿ ಅಮೆರಿಕಕ್ಕಾಗಲಿ ಹೋಗಿಬರುವ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳಿಗೆ ಜಪಾನೀ ಭೋಜನಾಲಯದ ಪರಿಚಯ ಅವಶ್ಯಕವಾಗಿದೆ. ಖರೀದಿದಾರರು ಊಟಕ್ಕೆ ಆಹ್ವಾನಿಸುವುದುಂಟು; ನಾವೇ ಅವರನ್ನು ಆಹ್ವಾನಿಸಬೇಕಾದ ಸಂದರ್ಭಗಳೂ ಒದಗುತ್ತವೆ. ಆದರೆ ಕಾರ್ಖಾನೆಗಳು, ಉಗ್ರಾಣಗಳು ಮತ್ತು ಅನೇಕ ಕಂಪನಿಗಳ ಕಚೇರಿಗಳು ಇರುವುದು ನಗರದ ಹೊರವಲಯದಲ್ಲಿ. ಪ್ರವಾಸಿ ಕೈಪಿಡಿಗಳು ಹೊಗಳುವ ನಗರಮಧ್ಯದ ಅಂಗಡಿಗಳು ಅಲ್ಲಿ ತಂಗಿದವರಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಒಂದೇ ರಸ್ತೆಯಲ್ಲಿ ನಾಲ್ಕಾರು ಸುಶಿ ಫಲಕಗಳು ಕಾಣುವಾಗ ಯಾವುದರ ಒಳಗೆ ಹೋಗಬೇಕೆಂಬುದೇ ಪ್ರಶ್ನೆ. ಆಯ್ಕೆ ತಪ್ಪಿದರೆ ಹಣ ವ್ಯರ್ಥವಾಗುವುದರ ಜೊತೆಗೆ, ಹಸಿ ಮೀನಿನ ವಿಷಯವಾದ್ದರಿಂದ ಆರೋಗ್ಯಕ್ಕೂ, ಸಸ್ಯಾಹಾರಿಗಳ ನಿಯಮಕ್ಕೂ ಭಂಗ ಬರಬಹುದು.

ಇದಕ್ಕೆ ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ. ಹೊಸ ಸರಬರಾಜುದಾರನನ್ನು ಪರೀಕ್ಷಿಸುವಾಗ ನಾವು ಏನನ್ನು ನೋಡುತ್ತೇವೆಯೋ ಅದನ್ನೇ ಇಲ್ಲಿಯೂ ನೋಡಬೇಕು: ಅವನ ಗಿರಾಕಿಗಳು ಯಾರು, ಅವನ ಸರಕು ಎಷ್ಟು ಬೇಗ ಖರ್ಚಾಗುತ್ತದೆ, ಅವನ ಅತಿ ಅಗ್ಗದ ವಸ್ತು ಹೇಗಿದೆ, ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಕೊಡುತ್ತಾನೆಯೇ ಎಂಬುದನ್ನು.

ಸುಶಿ ಎಂದರೇನು?

ಸುಶಿ ಎಂದರೆ ಹಸಿ ಮೀನು ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಬರಿಯ ಹಸಿ ಮೀನಿನ ಹೋಳುಗಳಿಗೆ ಸಾಶಿಮಿ ಎಂದು ಹೆಸರು. ವಿನೆಗರ್, ಉಪ್ಪು ಮತ್ತು ಸಕ್ಕರೆ ಬೆರೆಸಿದ ಅನ್ನವೇ ಸುಶಿಯ ಮೂಲದ್ರವ್ಯ. ಅದರ ಮೇಲೆ ಇಡುವ ವಸ್ತು ಮೀನಾಗಿರಬಹುದು, ಮೊಟ್ಟೆಯಾಗಿರಬಹುದು, ಸೌತೆಕಾಯಿಯೂ ಆಗಿರಬಹುದು. ಪ್ರಾಚೀನ ಪದ್ಧತಿಯಲ್ಲಿ ಮೀನು ಕೆಡದಂತೆ ಅನ್ನದೊಳಗೆ ಹುದುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಶಿಗಾ ಪ್ರಾಂತ್ಯದ ಬಿವಾ ಸರೋವರದ ಸುತ್ತ ಈ ಪದ್ಧತಿ ಇಂದಿಗೂ ಉಳಿದಿದೆ. ಬೆರಳುಗಳಿಂದ ಒತ್ತಿ ಆಗಿಂದಾಗ್ಗೆ ಸಿದ್ಧಪಡಿಸುವ ಇಂದಿನ ಸುಶಿಯು 19ನೇ ಶತಮಾನದ ಆರಂಭದಲ್ಲಿ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಬೀದಿಬದಿಯ ಗೂಡಂಗಡಿಗಳಲ್ಲಿ ಬಳಕೆಗೆ ಬಂದಿತು. ಅದು ಅವಸರದಲ್ಲಿದ್ದ ದುಡಿಯುವ ಜನರ ಆಹಾರವಾಗಿತ್ತು.

ಇದರ ಹಿಂದೆಯೂ ಒಂದು ವ್ಯಾಪಾರದ ಸಂಗತಿಯಿದೆ. ಹಾಂಡಾ ಎಂಬ ಊರಿನ ನಕಾನೊ ಮತಾಜಾಯೆಮೊನ್ ಎಂಬ ಉದ್ಯಮಿಯು 1804ರಲ್ಲಿ, ಅಕ್ಕಿಯ ಮದ್ಯ ತಯಾರಿಸಿದ ನಂತರ ಉಳಿಯುವ ಗಸಿಯಿಂದ ವಿನೆಗರ್ ತಯಾರಿಸತೊಡಗಿದನು. ಎದೊ ನಗರದ ಸುಶಿ ವ್ಯಾಪಾರಿಗಳು ಅದರ ದೊಡ್ಡ ಗಿರಾಕಿಗಳಾದರು. ತ್ಯಾಜ್ಯದಿಂದ ಹುಟ್ಟಿದ ಆ ಉದ್ಯಮವೇ ಇಂದಿನ ಮಿಜ್ಕಾನ್ ಕಂಪನಿ.

ಉಪನಗರದಲ್ಲಿ ಹುಟ್ಟಿದ ತಿರುಗುವ ಸುಶಿ

ಉತ್ತಮ ಸುಶಿ ದೊರೆಯುವುದು ನಗರದ ದುಬಾರಿ ಬೀದಿಗಳಲ್ಲಿ ಮಾತ್ರ ಎಂದು ಭಾವಿಸಬೇಕಾಗಿಲ್ಲ. ಸುಶಿಯ ವ್ಯಾಪಾರವನ್ನೇ ಬದಲಾಯಿಸಿದ ಒಂದು ಆವಿಷ್ಕಾರ ಉಪನಗರದಲ್ಲಿಯೇ ಆಯಿತು. ಒಸಾಕಾದ ಪೂರ್ವಕ್ಕಿರುವ ಹಿಗಾಶಿಯೊಸಾಕಾ ಪ್ರದೇಶವು ಸಣ್ಣ ಕಾರ್ಖಾನೆಗಳಿಗೆ ಹೆಸರಾದುದು. ಆಗ ಫುಸೆ ಎಂಬ ಹೆಸರಿದ್ದ ಆ ಊರಿನಲ್ಲಿ ಶಿರೈಶಿ ಯೊಶಿಯಾಕಿ ಎಂಬುವರು ಒಂದು ಚಿಕ್ಕ ಅಂಗಡಿ ನಡೆಸುತ್ತಿದ್ದರು. ಗಿರಾಕಿಗಳು ಸುತ್ತಲಿನ ಕಾರ್ಖಾನೆಗಳ ಕಾರ್ಮಿಕರು. ಅವರಿಗೆ ಅಗ್ಗದ ದರದಲ್ಲಿ ಕೊಡಬೇಕಿತ್ತು; ಆದರೆ ಬಡಿಸಲು ಆಳುಗಳು ಸಿಗುತ್ತಿರಲಿಲ್ಲ. ಬಿಯರ್ ಕಾರ್ಖಾನೆಯೊಂದರಲ್ಲಿ ಕನ್ವೇಯರ್ ಪಟ್ಟಿಯ ಮೇಲೆ ಸೀಸೆಗಳು ಸಾಗುವುದನ್ನು ಕಂಡ ಅವರು, ಸುಶಿಯ ತಟ್ಟೆಗಳನ್ನೂ ಹಾಗೆಯೇ ಸಾಗಿಸಬಹುದೆಂದು ಯೋಚಿಸಿದರು. ಪಟ್ಟಿ ಬೇಗ ಚಲಿಸಿದರೆ ಮೀನು ಒಣಗುತ್ತದೆ, ನಿಧಾನವಾದರೆ ಗಿರಾಕಿಗೆ ಬೇಸರವಾಗುತ್ತದೆ. ಹಲವು ಪ್ರಯೋಗಗಳ ನಂತರ ಅವರು ಸೆಕೆಂಡಿಗೆ 8 ಸೆಂಟಿಮೀಟರ್ ವೇಗವನ್ನು ನಿಗದಿಪಡಿಸಿದರು. 1958ರಲ್ಲಿ ಫುಸೆ ರೈಲು ನಿಲ್ದಾಣದ ಬಳಿ ಅವರ ಗೆನ್‌ರೊಕು ಸುಶಿ ಆರಂಭವಾಯಿತು. 1970ರ ಒಸಾಕಾ ವಿಶ್ವ ಪ್ರದರ್ಶನದಲ್ಲಿ ಲಕ್ಷಾಂತರ ಜನ ಅದನ್ನು ನೋಡಿದರು. ವಿನ್ಯಾಸದ ಹಕ್ಕಿನ ಅವಧಿ 1978ರಲ್ಲಿ ಮುಗಿದ ಮೇಲೆ ಇತರರೂ ಈ ಕ್ಷೇತ್ರಕ್ಕೆ ಬಂದರು. 1981ರಲ್ಲಿ ಸುಜುಮೊ ಕಂಪನಿಯು ಅನ್ನದ ಉಂಡೆ ಕಟ್ಟುವ ಯಂತ್ರವನ್ನೂ ತಯಾರಿಸಿತು.

ಇಂದು ಜಪಾನಿನ ಉಪನಗರಗಳ ಹೆದ್ದಾರಿಗಳ ಬದಿಯಲ್ಲಿ, ವಾಹನ ನಿಲುಗಡೆಗೆ ವಿಶಾಲ ಸ್ಥಳವುಳ್ಳ ಇಂತಹ ಭೋಜನಾಲಯಗಳು ಸಾಮಾನ್ಯ. ಸುಶಿರೊ ಎಂಬ ಸರಣಿಯು ತಟ್ಟೆಗಳ ಅಡಿಯಲ್ಲಿ ಚಿಪ್ ಅಳವಡಿಸಿ, 350 ಮೀಟರ್ ಸುತ್ತಿದರೂ ಯಾರೂ ತೆಗೆದುಕೊಳ್ಳದ ತಟ್ಟೆಯನ್ನು ತಾನಾಗಿ ಹೊರಹಾಕುವ ವ್ಯವಸ್ಥೆಯನ್ನು ತಂದಿತು. ಕಿಡಿಗೇಡಿಗಳು ಪಟ್ಟಿಯ ಮೇಲಿನ ಆಹಾರವನ್ನು ಎಂಜಲು ಮಾಡಿದ ದೃಶ್ಯಗಳು 2023ರಲ್ಲಿ ಹರಡಿದ ನಂತರ, ಹಲವು ಅಂಗಡಿಗಳು ಬೇಡಿಕೆ ಕೊಟ್ಟ ತಟ್ಟೆಯನ್ನಷ್ಟೇ ನೇರವಾಗಿ ಕಳುಹಿಸುವ ಕ್ರಮಕ್ಕೆ ಬದಲಾದವು. ತಿರುಗುವ ಸುಶಿಯ ಅಂಗಡಿಯಲ್ಲಿ ಮೊದಲು ನೋಡಬೇಕಾದುದು ಜನಸಂದಣಿಯನ್ನು. ಜನ ತುಂಬಿದಲ್ಲಿ ತಟ್ಟೆ ಬೇಗ ಖಾಲಿಯಾಗುತ್ತದೆ, ಮೀನು ಹೊಸದಾಗಿರುತ್ತದೆ. ಜನವಿಲ್ಲದ ಹೊತ್ತಿನಲ್ಲಿ ಹೋದರೆ, ಪಟ್ಟಿಯ ಮೇಲಿನದನ್ನು ಬಿಟ್ಟು ಹೊಸದಾಗಿ ಮಾಡಿಸಿಕೊಳ್ಳುವುದು ಲೇಸು.

ಗಿರಾಕಿಗಳಿರುವಲ್ಲಿ ಅಂಗಡಿ

ಜಪಾನಿನಲ್ಲಿ ಗಿರಾಕಿಗಳೆಲ್ಲರೂ ಸುಶಿಯನ್ನು ಬಲ್ಲವರೇ. ಹೊರದೇಶಗಳಲ್ಲಿ ಹಾಗಲ್ಲ, ಅಲ್ಲಿ ಬಲ್ಲ ಗಿರಾಕಿಗಳು ಎಲ್ಲಿ ವಾಸಿಸುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ಕ್ಯಾಲಿಫೋರ್ನಿಯಾದ ಟೊರೆನ್ಸ್ ಒಳ್ಳೆಯ ನಿದರ್ಶನ. ಲಾಸ್ ಏಂಜಲೀಸ್‌ನ ದಕ್ಷಿಣಕ್ಕಿರುವ ಈ ಉಪನಗರದಲ್ಲಿ ಟೊಯೊಟಾ ಕಂಪನಿಯು 1982ರಲ್ಲಿ ತನ್ನ ಅಮೆರಿಕದ ಮಾರಾಟ ವಿಭಾಗದ ಕೇಂದ್ರವನ್ನು ಸ್ಥಾಪಿಸಿತು. ಹೋಂಡಾ ಕಂಪನಿಯ ಅಮೆರಿಕದ ಕೇಂದ್ರವೂ ಇಲ್ಲಿಯೇ ಇದೆ. ಕೆಲವು ವರ್ಷಗಳ ಮಟ್ಟಿಗೆ ಜಪಾನಿನಿಂದ ಬಂದ ಸಿಬ್ಬಂದಿ ಹಾಗೂ ಅವರ ಕುಟುಂಬಗಳು, ಪಕ್ಕದ ಗಾರ್ಡೀನಾದಲ್ಲಿ ಮೊದಲಿನಿಂದಲೂ ನೆಲೆಸಿದ್ದ ಜಪಾನೀ ಮೂಲದ ಜನರು, ಇವರೆಲ್ಲರ ಬಳಕೆಯಿಂದ ಅಲ್ಲಿ ಸುಶಿ, ನೂಡಲ್ಸ್, ಸುಟ್ಟ ಮೀನಿನ ಊಟ, ಜಪಾನೀ ಬೇಕರಿ, ದಿನಸಿ ಅಂಗಡಿಗಳು ಬೆಳೆದವು.

ಟೊಯೊಟಾ ತನ್ನ ಕೇಂದ್ರವನ್ನು ಟೆಕ್ಸಾಸ್‌ನ ಡಲ್ಲಾಸ್ ಬಳಿಯ ಪ್ಲೇನೊ ಎಂಬ ಉಪನಗರಕ್ಕೆ ಸ್ಥಳಾಂತರಿಸಿ, 2017ರಲ್ಲಿ ಹೊಸ ಆವರಣವನ್ನು ತೆರೆಯಿತು. ಅದೇ ವರ್ಷ ಮಿತ್ಸುವಾ ಎಂಬ ಜಪಾನೀ ದಿನಸಿ ಸರಣಿಯೂ ಪ್ಲೇನೊದಲ್ಲಿ ಮಳಿಗೆ ತೆರೆಯಿತು. ಗಿರಾಕಿ ಹೋದ ಕಡೆಗೆ ಅಂಗಡಿ ಹೋಗುತ್ತದೆ ಎಂಬ ವ್ಯಾಪಾರದ ಹಳೆಯ ಸೂತ್ರಕ್ಕೆ ಇದು ಸಾಕ್ಷಿ. ಅಪರಿಚಿತ ಉಪನಗರಕ್ಕೆ ಹೋದಾಗ ಸುಶಿ ಫಲಕವನ್ನು ಹುಡುಕುವ ಮೊದಲು ಜಪಾನೀ ದಿನಸಿ ಅಂಗಡಿಯನ್ನು ಹುಡುಕಬೇಕು. ಅದರ ಆಸುಪಾಸಿನ ಭೋಜನಾಲಯಗಳು ವಾರವಾರವೂ ಬರುವ, ರುಚಿ ಬಲ್ಲ ಗಿರಾಕಿಗಳನ್ನು ನಂಬಿ ನಡೆಯುತ್ತವೆ. ಅಲ್ಲಿ ಕಳಪೆ ಸರಕು ಬಹುಕಾಲ ನಡೆಯದು.

ಒಳಗೆ ಹೋದ ಮೇಲೆ ನೋಡಬೇಕಾದವು

ಮೊದಲನೆಯದು ಅನ್ನ. ಅನ್ನವು ಮೈಬಿಸಿಯಷ್ಟು ಬೆಚ್ಚಗಿರಬೇಕು. ಕೈಯಲ್ಲಿ ಹಿಡಿದಾಗ ಉದುರದೆ, ಬಾಯಲ್ಲಿ ಇಟ್ಟಾಗ ಬಿಡಿಬಿಡಿಯಾಗಬೇಕು. ಶೀತಲ ಪೆಟ್ಟಿಗೆಯಿಂದ ತೆಗೆದ ಗಟ್ಟಿ ಅನ್ನವಾದರೆ, ಅದರ ಮೇಲೆ ಎಷ್ಟೇ ಬೆಲೆಯ ಮೀನಿದ್ದರೂ ಆ ಅಂಗಡಿಯನ್ನು ಬಿಡಬಹುದು.

ಎರಡನೆಯದು ಪಟ್ಟಿಯ ಉದ್ದ. ನೂರಾರು ಬಗೆಯ ಸುರುಳಿಗಳು, ಅವುಗಳ ಮೇಲೆ ಖಾರದ ಸಾಸ್ ಮತ್ತು ಮೇಯೊನೈಸ್ ಸುರಿದ ಚಿತ್ರಗಳು ತುಂಬಿದ್ದರೆ, ಮೀನಿನ ರುಚಿಯನ್ನು ಮರೆಮಾಚುವ ಅವಕಾಶ ಅಲ್ಲಿ ಹೆಚ್ಚು. ಚಿಕ್ಕ ಪಟ್ಟಿ, ಅದರ ಪಕ್ಕದಲ್ಲಿ ಆ ದಿನ ಬಂದ ಮೀನುಗಳ ಹೆಸರನ್ನು ಕೈಯಿಂದ ಬರೆದ ಹಲಗೆ ಇದ್ದರೆ ಅದು ಶುಭಲಕ್ಷಣ.

ಮೂರನೆಯದು ಅಗ್ಗದ ವಸ್ತು. ಟ್ಯೂನಾ ಮೀನಿನ ಕೊಬ್ಬಿನ ಭಾಗವನ್ನು ಹಣ ಕೊಟ್ಟರೆ ಯಾರಾದರೂ ತರಬಹುದು. ಬಂಗುಡೆಯ ವರ್ಗದ ಸಬಾ ಮೀನನ್ನು ಉಪ್ಪು ಮತ್ತು ವಿನೆಗರ್‌ನಲ್ಲಿ ಹದಮಾಡುವುದು, ಪದರಪದರವಾಗಿ ಮೊಟ್ಟೆಯ ದೋಸೆ ಮಾಡುವುದು ಕೈಚಳಕದ ಕೆಲಸ. ಅವೆರಡನ್ನೂ ತರಿಸಿ ನೋಡಿದರೆ ಅಡುಗೆಯವನ ತರಬೇತಿ ತಿಳಿಯುತ್ತದೆ. ಮೊದಲ ಭೇಟಿಯನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳುವುದು ಜಾಣತನ. ಅದೇ ಅಡುಗೆಯವನ ಕೆಲಸವು ರಾತ್ರಿಗಿಂತ ಕಡಿಮೆ ದರದಲ್ಲಿ ದೊರೆಯುತ್ತದೆ. ಅತಿಥಿಯನ್ನು ಕರೆದೊಯ್ಯುವ ಮೊದಲು ಇಂತಹ ಒಂದು ಪರೀಕ್ಷೆ ಅಗತ್ಯ.

ನಾಲ್ಕನೆಯದು ಮೀನಿನ ಹೆಸರು. ಲಾಸ್ ಏಂಜಲೀಸ್‌ನ 26 ಸುಶಿ ಭೋಜನಾಲಯಗಳಲ್ಲಿ 2012ರಿಂದ 2015ರವರೆಗೆ ಸಂಶೋಧಕರು ಮೀನುಗಳ ಡಿಎನ್‌ಎ ಪರೀಕ್ಷೆ ನಡೆಸಿದಾಗ, ಶೇ. 47ರಷ್ಟು ಮಾದರಿಗಳು ಹೇಳಿದ ಹೆಸರಿನವಾಗಿರಲಿಲ್ಲ. ರೆಡ್ ಸ್ನ್ಯಾಪರ್ ಎಂದು ಕೇಳಿದಾಗಲೆಲ್ಲ ಬೇರೆ ಮೀನೇ ಬಂದಿತ್ತು. ‘ಬಿಳಿ ಟ್ಯೂನಾ’ ಎಂಬ ಹೆಸರಿನಲ್ಲಿ ಮಾರುವ ಎಸ್ಕೊಲಾರ್ ಮೀನಂತೂ ಹೊಟ್ಟೆ ಕೆಡಿಸುವ ಎಣ್ಣೆಯುಳ್ಳದ್ದು. ಅದರ ಮಾರಾಟವನ್ನು ಜಪಾನ್ 1977ರಲ್ಲಿಯೇ ನಿಷೇಧಿಸಿದೆ. ಇದು ಯಾವ ಮೀನು, ಎಲ್ಲಿಂದ ಬಂತು ಎಂದು ಕೇಳಲು ಸಂಕೋಚ ಪಡಬಾರದು. ತಿಳಿದ ಅಡುಗೆಯವನು ಸಂತೋಷದಿಂದ ಹೇಳುತ್ತಾನೆ. ತಿಳಿಯದವನು ಮಾತು ತೇಲಿಸುತ್ತಾನೆ.

ಹೆಪ್ಪುಗಟ್ಟಿಸಿದ ಮೀನು ಕೀಳಲ್ಲ

ಸುಶಿಯ ಮೀನು ಸಮುದ್ರದಿಂದ ಆಗತಾನೇ ಬಂದಿರಬೇಕೆಂಬುದು ಇನ್ನೊಂದು ತಪ್ಪು ಕಲ್ಪನೆ. ಕೆಲವು ಮೀನುಗಳಲ್ಲಿ ಅನಿಸಾಕಿಸ್ ಎಂಬ ಹುಳು ಇರುತ್ತದೆ. ಹಸಿಯಾಗಿ ತಿಂದಾಗ ಅದು ಹೊಟ್ಟೆಯಲ್ಲಿ ತೀವ್ರ ನೋವುಂಟುಮಾಡುತ್ತದೆ. ಅದನ್ನು ಕೊಲ್ಲಲು ಅಮೆರಿಕದ ಆಹಾರ ನಿಯಮಗಳು ಮೀನನ್ನು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ 7 ದಿನ, ಅಥವಾ 35 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ 15 ಗಂಟೆ ಇಡಬೇಕೆಂದು ಹೇಳುತ್ತವೆ. ಟ್ಯೂನಾ ಮೀನನ್ನು ದೂರಸಾಗರದ ಹಡಗುಗಳಲ್ಲಿಯೇ ಶೂನ್ಯಕ್ಕಿಂತ ಸುಮಾರು 60 ಡಿಗ್ರಿ ಕೆಳಗೆ ಶೈತ್ಯೀಕರಿಸಿ ತರುತ್ತಾರೆ. ಸಮುದ್ರದಿಂದ ದೂರವಿರುವ ಉಪನಗರದಲ್ಲಿಯೂ ಒಳ್ಳೆಯ ಸುಶಿ ಸಿಗಲು ಈ ಶೈತ್ಯ ಸರಪಳಿಯೇ ಕಾರಣ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ತಾಜಾ ಮೀನೇ?’ ಎಂಬುದಲ್ಲ, ‘ಹಸಿ ತಿನ್ನಲು ಯೋಗ್ಯವಾಗಿ ಶೈತ್ಯೀಕರಿಸಿದ್ದೇ?’ ಎಂಬುದು. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೀನನ್ನು ವರ್ಜಿಸುವುದು ಕ್ಷೇಮ.

ಸಸ್ಯಾಹಾರಿಗಳ ಗಮನಕ್ಕೆ

ವರ್ತಕರಲ್ಲಿ ಸಸ್ಯಾಹಾರಿಗಳು ಬಹಳ. ಅವರಿಗೆ ಸೌತೆಕಾಯಿಯ ಕಪ್ಪಾ ಮಾಕಿ, ಉಪ್ಪಿನಲ್ಲಿ ಹಾಕಿದ ಮೂಲಂಗಿಯ ಸುರುಳಿ, ಬೆಣ್ಣೆಹಣ್ಣಿನ ಸುರುಳಿ ಸುಲಭವಾಗಿ ದೊರೆಯುತ್ತವೆ. ಆದರೆ ಕಣ್ಣಿಗೆ ಸಸ್ಯಾಹಾರವಾಗಿ ಕಾಣುವುದೆಲ್ಲ ಸಸ್ಯಾಹಾರವಲ್ಲ. ಜಪಾನೀ ಅಡುಗೆಯ ಆಧಾರವಾದ ದಾಶಿ ಎಂಬ ಸಾರನ್ನು ಸಾಮಾನ್ಯವಾಗಿ ಒಣಮೀನಿನ ತೆಳುಪದರಗಳಿಂದ ತಯಾರಿಸುತ್ತಾರೆ. ಮಿಸೊ ಸಾರು, ನೂಡಲ್ಸಿನ ರಸ, ತೆಂಪುರಾದ ಜೊತೆ ಕೊಡುವ ನಂಚಿಕೆ, ಸಿಹಿಯಾಗಿ ಬೇಯಿಸಿದ ತೋಫು ಚೀಲದ ಇನಾರಿ ಸುಶಿ, ಒಣ ಸೋರೆಕಾಯಿಯ ಕಂಪ್ಯೊ ಸುರುಳಿ, ಇವುಗಳಲ್ಲಿ ಅದು ಸೇರಿರಬಹುದು. ಕೆಲವು ಪದಾರ್ಥಗಳಲ್ಲಿ ಅಡುಗೆಯ ಮದ್ಯವನ್ನೂ ಬಳಸುತ್ತಾರೆ. ‘ಮಾಂಸವಿಲ್ಲವೇ?’ ಎಂದು ಕೇಳಿದರೆ ಇಲ್ಲವೆಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ. ಮೀನನ್ನು ಅಲ್ಲಿ ಮಾಂಸವೆಂದು ಎಣಿಸದಿರುವುದುಂಟು. ‘ಮೀನು ಮತ್ತು ಮೀನಿನ ದಾಶಿ ಬೇಡ’ ಎಂದು ಜಪಾನೀ ಭಾಷೆಯಲ್ಲಿ ಬರೆಸಿದ ಚೀಟಿಯೊಂದನ್ನು ಇಟ್ಟುಕೊಳ್ಳುವುದು ಉತ್ತಮ. ಕೊಂಬು ಎಂಬ ಕಡಲಪಾಚಿಯಿಂದಷ್ಟೇ ತಯಾರಿಸಿದ ದಾಶಿಯೂ ಉಂಟು. ಬೌದ್ಧ ವಿಹಾರಗಳ ಶೊಜಿನ್ ಅಡುಗೆಯಲ್ಲಿ ಅದನ್ನೇ ಬಳಸುತ್ತಾರೆ.

ನಮ್ಮಲ್ಲಿಗೆ ಅತಿಥಿಗಳು ಬಂದಾಗ

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯು 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆಯು 2013ರಲ್ಲಿ ಪ್ರಾರಂಭವಾಯಿತು. ಇವುಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳಿಗೂ ಜಪಾನೀ ಅತಿಥಿಗಳು ಬರುತ್ತಾರೆ. ಬೆಂಗಳೂರಿನಲ್ಲಿ ಭೋಜನಾಲಯ ಆರಿಸುವಾಗಲೂ ಮೇಲಿನ ಸೂತ್ರಗಳೇ ಅನ್ವಯಿಸುತ್ತವೆ: ಇಲ್ಲಿ ನೆಲೆಸಿದ ಜಪಾನೀ ಕುಟುಂಬಗಳು ಎಲ್ಲಿ ಉಣ್ಣುತ್ತವೆಂದು ವಿಚಾರಿಸುವುದು, ಮುಂಚಿತವಾಗಿ ಒಮ್ಮೆ ಹೋಗಿ ನೋಡುವುದು. ಸುಶಿಯೇ ಆಗಬೇಕೆಂಬ ಕಡ್ಡಾಯವಿಲ್ಲ. ತಿಂಗಳುಗಟ್ಟಲೆ ಇಲ್ಲಿರುವವರಿಗೆ ಅನ್ನ, ಸಾರು, ಸುಟ್ಟ ಮೀನಿನ ಮನೆಯೂಟದಂತಹ ಊಟವೂ ಪ್ರಿಯವಾಗಬಹುದು. ನಾಲ್ಕು ದಿನಕ್ಕೆ ಬಂದವರಿಗೆ ನಮ್ಮ ಬಾಳೆಯೆಲೆಯ ಊಟವೇ ಹೊಸ ಅನುಭವವಾದೀತು. ಅತಿಥಿಯನ್ನೇ ಮುಂಚೆ ಕೇಳಿ ತಿಳಿಯುವುದು ಸರಿಯಾದ ಮಾರ್ಗ.

ಒಟ್ಟಿನಲ್ಲಿ, ಬೆಲೆಯಾಗಲಿ ಅಲಂಕಾರವಾಗಲಿ ಉತ್ತಮ ಸುಶಿಯ ಗುರುತಲ್ಲ. ಬಲ್ಲ ಗಿರಾಕಿ, ಬೇಗ ಖರ್ಚಾಗುವ ಸರಕು, ಹದವಾದ ಅನ್ನ ಮತ್ತು ಮರೆಮಾಚದ ಉತ್ತರ, ಈ ನಾಲ್ಕೂ ಇರುವ ಅಂಗಡಿಯು ಯಾವ ಉಪನಗರದ ಯಾವ ಮೂಲೆಯಲ್ಲಿದ್ದರೂ ನಂಬಿಕೆಗೆ ಅರ್ಹವಾದುದು. ಅಲ್ಲಿಗೆ ಖರೀದಿದಾರರನ್ನು ಸಂಕೋಚವಿಲ್ಲದೆ ಕರೆದೊಯ್ಯಬಹುದು.