ಬೂದಿಯಾಗದೆ ಉಳಿದ ಸಾಕ್ಷಿ
ಕೀನ್ಯಾ ದೇಶದ ಸ್ವಾತಂತ್ರ್ಯದ ಹಾದಿ: ಚಿತ್ರಗಳಲ್ಲಿ, ಕಡತಗಳಲ್ಲಿ

೧೯೬೩ನೆಯ ಇಸವಿ ಡಿಸೆಂಬರ್ ಹನ್ನೆರಡನೆಯ ತಾರೀಖು ಹುಟ್ಟಿದ ನಡುರಾತ್ರಿ. ಪೂರ್ವ ಆಫ್ರಿಕದ ನೈರೋಬಿ ನಗರದ ಅಂಚಿನ ಮೈದಾನದಲ್ಲಿ ಬ್ರಿಟಿಷರ ಬಾವುಟ ಇಳಿಯಿತು. ಕಪ್ಪು, ಕೆಂಪು, ಹಸಿರು ಪಟ್ಟೆಗಳ ನಡುವೆ ಗುರಾಣಿ ಮತ್ತು ಈಟಿಗಳನ್ನು ಧರಿಸಿದ ಹೊಸ ಬಾವುಟ ಏರಿತು. ಜೋಮೋ ಕೆನ್ಯಾಟಾ ಅವರು ನಗುಮೊಗದಿಂದ ಜನರತ್ತ ಕೈಬೀಸುವ ಆ ದಿನಗಳ ಚಿತ್ರಗಳನ್ನು ಲೋಕವೆಲ್ಲ ಕಂಡಿತು. ಆದರೆ ಆ ಸಂಭ್ರಮಕ್ಕೆ ಮುಂಚಿನ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳಲ್ಲಿ ಮತ್ತೊಂದು ಕಾರ್ಯ ಸದ್ದಿಲ್ಲದೆ ಸಾಗಿತ್ತು. ಅಲ್ಲಿ ಕಾಗದ ಉರಿಯುತ್ತಿತ್ತು. ಆ ಸುದ್ದಿ ಲೋಕಕ್ಕೆ ಸರಿಯಾಗಿ ತಿಳಿಯಲು ಸುಮಾರು ಅರ್ಧ ಶತಮಾನವೇ ಬೇಕಾಯಿತು.

ಕೊರಳಿಗೆ ಕಟ್ಟಿದ ಕಾಗದ

ಬ್ರಿಟಿಷರು ೧೮೯೫ರಲ್ಲಿ ಈ ನಾಡನ್ನು ತಮ್ಮ ರಕ್ಷಣೆಗೆ ಒಳಪಡಿಸಿಕೊಂಡರು. ೧೯೨೦ರಲ್ಲಿ ಅದನ್ನು ವಸಾಹತುವೆಂದು ಘೋಷಿಸಿದರು. ತಂಪು ಹವೆಯ, ಫಲವತ್ತಾದ ಎತ್ತರದ ಪ್ರದೇಶಗಳು ಬಿಳಿಯ ಬೇಸಾಯಗಾರರ ಪಾಲಾದವು. ಕಿಕುಯು ಜನಾಂಗದ ಅನೇಕ ಕುಟುಂಬಗಳು ತಮ್ಮ ಹಿರಿಯರು ಉತ್ತ ನೆಲದಲ್ಲಿಯೇ ಕೂಲಿಗಳಾದವು. ೧೯೨೦ರ ಸುಮಾರಿನಿಂದ ಆಫ್ರಿಕದ ಗಂಡಸರೆಲ್ಲರೂ 'ಕಿಪಾಂಡೆ' ಎಂಬ ಗುರುತುಪತ್ರವನ್ನು ಹೊಂದಿರಬೇಕಾಯಿತು. ಬೆರಳೊತ್ತು, ಧಣಿಯ ಹೆಸರು, ಕೂಲಿಯ ವಿವರ ಎಲ್ಲವೂ ಅದರಲ್ಲಿರುತ್ತಿದ್ದವು. ಅದನ್ನು ಲೋಹದ ಸಣ್ಣ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ತಿರುಗಬೇಕಾಗಿತ್ತು. ಆ ಕಾಲದ ಕೆಲವು ಚಿತ್ರಗಳಲ್ಲಿ ಈ ಡಬ್ಬಿಯನ್ನು ಇಂದಿಗೂ ಕಾಣಬಹುದು. ಆಳುವವರು ಕಾಗದದ ಶಕ್ತಿಯನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ನೆಲದ ಹಸಿವು ಕಡೆಗೆ ಮೌ ಮೌ ಎಂಬ ರಹಸ್ಯ ದಂಗೆಯಾಗಿ ಸಿಡಿಯಿತು. ೧೯೫೨ರ ಅಕ್ಟೋಬರ್ ೨೦ರಂದು ಗವರ್ನರ್ ಈವ್ಲಿನ್ ಬೇರಿಂಗ್ ತುರ್ತುಪರಿಸ್ಥಿತಿಯನ್ನು ಸಾರಿದರು. ಕೆನ್ಯಾಟಾ ಸೆರೆಯಾದರು. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಬೇಲಿ ಕಟ್ಟಿದ ಹಳ್ಳಿಗಳೊಳಕ್ಕೆ ನೂಕಲಾಯಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರು ವಿಚಾರಣೆಯಿಲ್ಲದೆ ಬಂಧನ ಶಿಬಿರಗಳಲ್ಲಿ ಕೊಳೆತರು. ಸಾವಿರಕ್ಕೂ ಮಿಕ್ಕಿ ಜನ ಗಲ್ಲಿಗೇರಿದರು. ದಂಗೆಕೋರರ ಕೈಯಲ್ಲಿಯೂ ಕ್ರೌರ್ಯ ನಡೆಯಿತು. ಅವರಿಂದ ಹತರಾದವರಲ್ಲಿ ಬಿಳಿಯ ಬೇಸಾಯಗಾರರು ಮೂವತ್ತೆರಡು ಮಂದಿ. ಉಳಿದವರಲ್ಲಿ ಬಹುಪಾಲು ಮಂದಿ ಆಫ್ರಿಕದವರೇ.

ಒಂದೇ ಚಿತ್ರ, ಎರಡು ಅರ್ಥ

ದಂಗೆಯ ಮುಂದಾಳು ಡೆಡಾನ್ ಕಿಮಾಥಿ ಅವರು ೧೯೫೬ರ ಅಕ್ಟೋಬರಿನಲ್ಲಿ ಗುಂಡೇಟು ತಿಂದು ಸೆರೆಸಿಕ್ಕರು. ಮಲಗಿದ ದೇಹ, ಕೈಗೆ ಕೋಳ, ಜಡೆಗಟ್ಟಿದ ತಲೆಗೂದಲು: ಆ ಸ್ಥಿತಿಯಲ್ಲಿ ಅವರ ಚಿತ್ರವನ್ನು ತೆಗೆಯಲಾಯಿತು. ದಂಗೆ ಮುಗಿಯಿತೆಂದು ಜನರಿಗೆ ಮನಗಾಣಿಸಲು ಸರಕಾರವು ಅದನ್ನು ಕರಪತ್ರಗಳಲ್ಲಿ ಮುದ್ರಿಸಿ ಹಂಚಿತು. ೧೯೫೭ರ ಫೆಬ್ರವರಿ ೧೮ರಂದು ಕಮೀಟಿ ಸೆರೆಮನೆಯಲ್ಲಿ ಕಿಮಾಥಿ ಅವರನ್ನು ಗಲ್ಲಿಗೇರಿಸಿ, ಗುರುತಿಲ್ಲದ ಗುಂಡಿಯಲ್ಲಿ ಹೂಳಲಾಯಿತು.

ಕಾಲದ ವೈಚಿತ್ರ್ಯವನ್ನು ನೋಡಿರಿ. ಸೋಲಿನ ಗುರುತಾಗಿ ಹಂಚಿದ ಅದೇ ಚಿತ್ರವು ಮುಂದೆ ಸ್ವತಂತ್ರ ಕೀನ್ಯಾದಲ್ಲಿ ಹುತಾತ್ಮನ ಚಿತ್ರವಾಯಿತು. ಗಲ್ಲಿಗೇರಿಸಿದ ದಿನಕ್ಕೆ ಸರಿಯಾಗಿ ಐವತ್ತು ವರ್ಷಗಳ ಬಳಿಕ, ೨೦೦೭ರಲ್ಲಿ, ನೈರೋಬಿಯ ನಡುಬೀದಿಯಲ್ಲಿ ಅವರ ಪ್ರತಿಮೆ ನಿಂತಿತು. ಚಿತ್ರ ಒಂದೇ, ನೋಡುವ ಕಣ್ಣು ಬೇರೆಯಾಯಿತು.

ಧಾರವಾಡ, ಬಳ್ಳಾರಿಗಳ ನಂಟು

ಈ ದೂರದೇಶದ ಕಥೆಯಲ್ಲಿ ನಮ್ಮ ಕಡೆಯ ಎರಡು ಊರುಗಳ ಹೆಸರು ಬರುತ್ತದೆಂಬುದು ಅನೇಕರಿಗೆ ತಿಳಿದಿರಲಾರದು.

ಪಿಯೊ ಗಾಮಾ ಪಿಂಟೋ ಅವರು ೧೯೨೭ರಲ್ಲಿ ನೈರೋಬಿಯ ಗೋವೆ ಮೂಲದ ಕುಟುಂಬವೊಂದರಲ್ಲಿ ಹುಟ್ಟಿದರು. ಬಾಲಕನಾಗಿದ್ದಾಗಲೇ ಗೋವೆಗೆ ಬಂದು ಆರ್ಪೋರಾದಲ್ಲಿ ಓದಿ, ಬಳಿಕ ಎರಡು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವಿಜ್ಞಾನವನ್ನು ಅಭ್ಯಸಿಸಿದರು. ಮುಂಬಯಿಯಲ್ಲಿದ್ದಾಗ ಪೋರ್ಚುಗೀಸರ ವಿರುದ್ಧ ಗೋವೆಯ ಬಿಡುಗಡೆಗಾಗಿ ದುಡಿದರು. ೧೯೪೯ರಲ್ಲಿ ಕೀನ್ಯಾಕ್ಕೆ ಮರಳಿ ಅಲ್ಲಿಯ ಹೋರಾಟಕ್ಕೆ ಧುಮುಕಿದರು. ೧೯೫೪ರಲ್ಲಿ ಅವರನ್ನು ಬಂಧಿಸಿ ಮಾಂಡಾ ದ್ವೀಪದ ಶಿಬಿರಕ್ಕೆ ಕಳುಹಿಸಲಾಯಿತು, ಬಿಡುಗಡೆಯಾದದ್ದು ೧೯೫೯ರಲ್ಲಿ. ಸ್ವಾತಂತ್ರ್ಯ ಬಂದು ಕೇವಲ ಹದಿನಾಲ್ಕು ತಿಂಗಳಾಗಿತ್ತು. ೧೯೬೫ರ ಫೆಬ್ರವರಿ ೨೪ರಂದು ತಮ್ಮ ಮನೆಯ ಬಾಗಿಲಲ್ಲಿಯೇ ಅವರು ಗುಂಡಿಗೆ ಬಲಿಯಾದರು.

ಅವರ ಆಪ್ತಮಿತ್ರರು ಜೋಸೆಫ್ ಮುರುಂಬಿ. ತಂದೆ ಗೋವೆಯ ವ್ಯಾಪಾರಿ, ತಾಯಿ ಮಸಾಯಿ ಜನಾಂಗದವರು. ಮುರುಂಬಿಯವರ ವಿದ್ಯಾಭ್ಯಾಸವು ಬೆಂಗಳೂರು ಮತ್ತು ಬಳ್ಳಾರಿಗಳ ಕ್ರೈಸ್ತ ಶಾಲೆಗಳಲ್ಲಿ ನಡೆಯಿತು. ತಾಯ್ನಾಡಿಗೆ ಮರಳಿ, ಹೋರಾಟದ ದಿನಗಳಲ್ಲಿ ಲಂಡನ್ನಿನಲ್ಲಿ ವನವಾಸ ಅನುಭವಿಸಿ, ಮುಂದೆ ವಿದೇಶಾಂಗ ಸಚಿವರೂ ೧೯೬೬ರಲ್ಲಿ ಉಪರಾಷ್ಟ್ರಪತಿಯೂ ಆದರು. ಅದೇ ವರ್ಷವೇ ಪದವಿಯನ್ನು ತ್ಯಜಿಸಿದರು. ಬಳಿಕ ಅವರ ಮನಸ್ಸು ನೆಟ್ಟದ್ದು ಹಳೆಯ ಗ್ರಂಥ, ಪತ್ರ, ಕಲಾವಸ್ತುಗಳ ಸಂಗ್ರಹದಲ್ಲಿ. ಅವರು ಕೂಡಿಸಿದ ಸಾವಿರಾರು ವಸ್ತುಗಳು ಇಂದು ನೈರೋಬಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ೧೯೯೦ರಲ್ಲಿ ತೀರಿಕೊಂಡ ಅವರನ್ನು ಅವರ ಇಚ್ಛೆಯಂತೆಯೇ ಗೆಳೆಯ ಪಿಂಟೋ ಅವರ ಸಮಾಧಿಗೆ ಸಮೀಪದಲ್ಲಿ ಮಣ್ಣುಮಾಡಲಾಯಿತು.

ಬೂದಿಯನ್ನೂ ಪುಡಿಮಾಡಿ

ಒಬ್ಬರು ಕಾಗದವನ್ನು ಕೂಡಿಸುತ್ತಿದ್ದರೆ, ಅದಕ್ಕೂ ಮೊದಲೇ ಅದನ್ನು ಕಳೆಯುವ ಕೆಲಸ ನಡೆದುಹೋಗಿತ್ತು. ೧೯೬೧ರಲ್ಲಿ ಬ್ರಿಟನ್ನಿನ ವಸಾಹತು ಸಚಿವ ಇಯಾನ್ ಮೆಕ್ಲಿಯಡ್ ಒಂದು ಆದೇಶವನ್ನು ಹೊರಡಿಸಿದರು. ಬ್ರಿಟಿಷ್ ಸರಕಾರಕ್ಕೆ, ಪೊಲೀಸರಿಗೆ, ಸೈನ್ಯಕ್ಕೆ, ಸುಳಿವು ಕೊಟ್ಟವರಿಗೆ ಮುಜುಗರ ತರಬಲ್ಲ ಯಾವ ಕಾಗದವೂ ಹೊಸ ಸರಕಾರಗಳ ಕೈಗೆ ಹೋಗಕೂಡದೆಂಬುದು ಅದರ ತಾತ್ಪರ್ಯ. ಕೀನ್ಯಾದ ಕಚೇರಿಗಳಲ್ಲಿ ಕಡತಗಳನ್ನು ಎರಡು ಪಾಲು ಮಾಡಲಾಯಿತು: ಹೊಸ ಸರಕಾರಕ್ಕೆ ಬಿಟ್ಟುಹೋಗುವವು ಒಂದು ಪಾಲು, ಕಾವಲಿನಲ್ಲಿಡಬೇಕಾದವು ಇನ್ನೊಂದು. ಎರಡನೆಯ ಪಾಲನ್ನು ಐರೋಪ್ಯ ವಂಶದ ಬ್ರಿಟಿಷ್ ಅಧಿಕಾರಿಗಳಲ್ಲದೆ ಬೇರಾರೂ ಮುಟ್ಟುವಂತಿರಲಿಲ್ಲ.

ನಾಶಮಾಡುವ ವಿಧಾನಕ್ಕೂ ಸೂಚನೆಗಳಿದ್ದವು. ಸುಟ್ಟರೆ ಬೂದಿಯನ್ನೂ ಪುಡಿಮಾಡಬೇಕು. ಸಮುದ್ರಕ್ಕೆ ಹಾಕುವುದಾದರೆ ಭಾರ ಕಟ್ಟಿದ ಪೆಟ್ಟಿಗೆಗಳಲ್ಲಿ ತುಂಬಿ, ದಡದಿಂದ ದೂರದಲ್ಲಿ, ಸೆಳವಿಲ್ಲದ ಆಳವಾದ ನೀರಿನಲ್ಲಿ ಮುಳುಗಿಸಬೇಕು. ಸುಡಲಾಗದ, ಮುಳುಗಿಸಲಾಗದ ಕಡತಗಳನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ಸಾಗಿಸಲಾಯಿತು. ೧೯೬೭ರಲ್ಲಿ ಕೀನ್ಯಾ ಸರಕಾರವು ಅವುಗಳನ್ನು ಮರಳಿಸಬೇಕೆಂದು ಕೇಳಿತು. ಬ್ರಿಟನ್ ಒಪ್ಪಲಿಲ್ಲ.

ಬರೆದಿಟ್ಟ ಕಾಗದವೆಲ್ಲ ಸತ್ಯವಲ್ಲವೆಂಬುದಕ್ಕೂ ಅದೇ ನಾಡಿನಲ್ಲಿ ಉದಾಹರಣೆಯಿದೆ. ೧೯೫೯ರ ಮಾರ್ಚ್ ೩ರಂದು ಹೋಲಾ ಶಿಬಿರದಲ್ಲಿ ಹನ್ನೊಂದು ಜನ ಬಂಧಿಗಳು ಸತ್ತರು. ನೀರು ಕುಡಿದುದರಿಂದ ಸತ್ತರೆಂದು ಸರಕಾರದ ಮೊದಲ ಪ್ರಕಟಣೆ ಹೇಳಿತು. ವಿಚಾರಣೆಯಲ್ಲಿ ತಿಳಿದುಬಂದುದು ಬೇರೆಯೇ: ಅವರನ್ನು ಬಡಿದು ಕೊಲ್ಲಲಾಗಿತ್ತು. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿಯೇ ಕೋಲಾಹಲವಾಯಿತು. ಸಾಮ್ರಾಜ್ಯದ ನೈತಿಕ ಬಲ ಕುಸಿದದ್ದು ಅಲ್ಲಿಂದಲೇ ಎಂದು ಹೇಳುವವರಿದ್ದಾರೆ.

ವೃದ್ಧರ ಮೊಕದ್ದಮೆ

೨೦೦೯ರಲ್ಲಿ ಐವರು ಕೀನ್ಯಾದ ವೃದ್ಧರು ಲಂಡನ್ನಿನ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಶಿಬಿರಗಳಲ್ಲಿ ತಮಗಾದ ಚಿತ್ರಹಿಂಸೆಗೆ ನ್ಯಾಯ ಬೇಕೆಂಬುದು ಅವರ ಬೇಡಿಕೆ. ಅವರಲ್ಲಿ ಹೆಂಗಸರೂ ಇದ್ದರು. ಒಬ್ಬರು ವಿಚಾರಣೆಗೆ ಮೊದಲೇ ತೀರಿಕೊಂಡರು. ಇತಿಹಾಸಕಾರರು ಪಟ್ಟುಹಿಡಿದು ಕೇಳಿದ ಮೇಲೆ, ೨೦೧೧ರಲ್ಲಿ ಬ್ರಿಟಿಷ್ ಸರಕಾರವು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಯಿತು. ಹ್ಯಾನ್ಸ್‌ಲೋಪ್ ಪಾರ್ಕ್ ಎಂಬ ಬಿಗಿ ಕಾವಲಿನ ನೆಲೆಯಲ್ಲಿ ಕೀನ್ಯಾದ ಸುಮಾರು ೧,೫೦೦ ಕಡತಗಳು ಉಳಿದಿದ್ದವು. ಅವುಗಳ ಜೊತೆಗೆ ಬೇರೆ ವಸಾಹತುಗಳ ಸಾವಿರಾರು ಕಡತಗಳೂ ಅಲ್ಲಿದ್ದವು.

ಕಾಲ ಮೀರಿತೆಂದು ಸರಕಾರ ವಾದಿಸಿತು. ೨೦೧೨ರ ಅಕ್ಟೋಬರಿನಲ್ಲಿ ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿ, ಮೂವರ ದಾವೆ ಮುಂದುವರಿಯಬಹುದೆಂದರು. ಇಷ್ಟೊಂದು ದಾಖಲೆಗಳಿರುವಾಗ ನ್ಯಾಯಸಮ್ಮತ ವಿಚಾರಣೆ ಸಾಧ್ಯವೆಂಬುದು ಅವರ ಅಭಿಪ್ರಾಯವಾಗಿತ್ತು. ಸತ್ಯವನ್ನು ಅಡಗಿಸಲೆಂದು ಸಾಗಿಸಿದ ಕಾಗದಗಳೇ ಹೀಗೆ ಸತ್ಯಕ್ಕೆ ಆಸರೆಯಾದವು. ೨೦೧೩ರ ಜೂನ್ ೬ರಂದು ವಿದೇಶಾಂಗ ಸಚಿವ ವಿಲಿಯಂ ಹೇಗ್ ವಿಷಾದ ವ್ಯಕ್ತಪಡಿಸಿದರು. ೫,೨೨೮ ಜನರಿಗಾಗಿ, ಮೊಕದ್ದಮೆಯ ಖರ್ಚೂ ಸೇರಿ, ಸುಮಾರು ಎರಡು ಕೋಟಿ ಪೌಂಡುಗಳ ಒಪ್ಪಂದವಾಯಿತು. ಆದರೆ ಕಾನೂನಿನ ಹೊಣೆಯನ್ನು ಸರಕಾರ ಒಪ್ಪಲಿಲ್ಲ. ಇನ್ನೂ ನಲವತ್ತು ಸಾವಿರ ಜನರು ಹೂಡಿದ ಮತ್ತೊಂದು ದಾವೆಯು ೨೦೧೮ರಲ್ಲಿ ಕಾಲಮಿತಿಯ ಬಂಡೆಗೆ ಬಡಿದು ಮುರಿಯಿತು. ನ್ಯಾಯ ದೊರೆತದ್ದು ನಿಜ. ಎಲ್ಲರಿಗೂ ದೊರೆಯಲಿಲ್ಲವೆಂಬುದೂ ಅಷ್ಟೇ ನಿಜ.

ಗ್ಯಾರೇಜಿನಲ್ಲಿ ದೊರೆತ ಚಿತ್ರಗಳು

ಸರಕಾರದ ಕಡತಗಳು ಬೀಗದೊಳಗಿದ್ದ ಕಾಲದಲ್ಲಿಯೇ ಮತ್ತೊಂದು ಸಂಪತ್ತು ಧೂಳಿನೊಳಗೆ ಮಲಗಿತ್ತು. ಪ್ರಿಯಾ ರಾಮ್‌ರಖಾ ಅವರು ನೈರೋಬಿಯ ಭಾರತೀಯ ಮೂಲದ ಪತ್ರಿಕಾ ಮನೆತನದ ತರುಣ. ತುರ್ತುಪರಿಸ್ಥಿತಿಯ ದಿನಗಳಿಂದ ಸ್ವಾತಂತ್ರ್ಯದ ಸಂಭ್ರಮದವರೆಗೆ ಅವರ ಕ್ಯಾಮೆರಾ ಎಲ್ಲವನ್ನೂ ಕಂಡಿತ್ತು. ೧೯೬೮ರಲ್ಲಿ ನೈಜೀರಿಯದ ಅಂತರ್ಯುದ್ಧದ ಚಿತ್ರಗಳನ್ನು ತೆಗೆಯುತ್ತಿದ್ದಾಗ ಗುಂಡು ತಗಲಿ ತೀರಿಕೊಂಡರು. ವಯಸ್ಸು ಇನ್ನೂ ಮೂವತ್ತಮೂರು. ಅವರ ಚಿತ್ರಗಳು ದಶಕಗಳ ಬಳಿಕ ನೈರೋಬಿಯ ಗ್ಯಾರೇಜೊಂದರಲ್ಲಿ ಬಂಧುವೊಬ್ಬರ ಕೈಗೆ ಸಿಕ್ಕಿ, ೨೦೧೮ರಲ್ಲಿ ಪುಸ್ತಕವಾಗಿ ಬೆಳಕು ಕಂಡವು. ಸರಕಾರ ತೆಗೆಸಿದ ಚಿತ್ರಗಳಲ್ಲಿ ಕಾಣದ ಸಾಮಾನ್ಯ ಜನರ ಮುಖಗಳು ಅವುಗಳಲ್ಲಿವೆ.

ಗಡಿಯಾಚೆ ಬಾಳುವ ನಮ್ಮ ಮನೆಗಳಲ್ಲಿಯೂ ಅಟ್ಟದ ಮೇಲೊಂದು ಟ್ರಂಕು ಇರುತ್ತದೆ. ಅದರಲ್ಲಿ ಅಜ್ಜನ ಕನ್ನಡ ಶಾಲೆಯ ಸರ್ಟಿಫಿಕೇಟು, ಹಳೆಯ ಹೊಲದ ಪತ್ರ, ಮದುವೆಯ ಮಾಸಿದ ಪಟ ಇರುತ್ತವೆ. ಪಟದಲ್ಲಿ ಎಡದಿಂದ ಮೂರನೆಯವರು ಯಾರೆಂದು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರಬಹುದು. ಅವರನ್ನು ಕೇಳಿ, ಪಟದ ಹಿಂದೆ ಹೆಸರು, ಊರು, ಇಸವಿಗಳನ್ನು ಪೆನ್ಸಿಲಿನಿಂದ ಬರೆದಿಡಲು ಒಂದು ಮಧ್ಯಾಹ್ನ ಸಾಕು. ಆ ವೃದ್ಧರಿಗೆ ತಮ್ಮ ಕಾಗದಗಳು ಕೈಸೇರಲು ಐವತ್ತು ವರ್ಷ ಹಿಡಿಯಿತು. ನಮ್ಮವು ನಮ್ಮ ಅಟ್ಟದ ಮೇಲೆಯೇ ಇವೆ.