ನೆರಳಿನಲ್ಲಿ ಬೆಳೆಯುವ ಬಹುವಾರ್ಷಿಕ ಹೂಗಿಡಗಳು: ಕನಕಾಂಬರ ಮತ್ತು ಸುರುಳಿ ಸುಗಂಧಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮುಳಬಾಗಲು ತಾಲ್ಲೂಕಿನ ತಾಯಲೂರು ಸೀಮೆಯ ರೈತರಿಗೂ ಕೆರೆ, ಬಾವಿ ಮತ್ತು ಕೊಳವೆ ಬಾವಿಗಳೇ ಆಧಾರ. ಇಂತಹ ಕಡೆಯಲ್ಲಿ ಹೂವಿಗಾಗಿಯೇ ಹೊಸದಾಗಿ ಬಾವಿ ಕೊರೆಯಿಸುವುದು ವಿವೇಕವಲ್ಲ. ಆದರೆ ತೆಂಗಿನ ಮರಗಳಿಗೆ ಹಾಯಿಸಿದ ನೀರಿನ ತೇವ, ಬಚ್ಚಲಿನಿಂದ ಹೊರಬೀಳುವ ನೀರು, ಮರದಡಿಯ ತಂಪು, ಉದುರಿದ ತರಗು ಇವೆಲ್ಲವೂ ಅನೇಕರ ಹಿತ್ತಿಲಲ್ಲಿ ವ್ಯರ್ಥವಾಗುತ್ತಿರುವ ಸೊತ್ತು. ಇವುಗಳಿಂದಲೇ ಮನೆಬಳಕೆಗೆ ಸಾಕಾಗಿ ಸಂತೆಗೂ ಒದಗುವಷ್ಟು ಹೂವನ್ನು ಪಡೆಯಬಹುದು.

ಸ್ಥಳದ ಆಯ್ಕೆ

ನೆರಳೆಲ್ಲವೂ ಒಂದೇ ಬಗೆಯದಲ್ಲ. ಎಲೆಗಳ ನಡುವೆ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುವ ತೆಂಗಿನ ತೋಟ, ಇಲ್ಲವೆ ಬೆಳಗಿನ ಬಿಸಿಲು ತಗುಲಿ ಮಧ್ಯಾಹ್ನ ನೆರಳಾಗುವ ಹೊಂಗೆ ಮರದ ಅಂಚು ಉತ್ತಮ. ಹುಣಸೆ ಮರದ ಬುಡದಲ್ಲಿ ಗಿಡಗಳು ಸೊರಗುವುವು. ಊರಿನ ಗುಂಡುತೋಪು ಎಲ್ಲರಿಗೂ ಸೇರಿದ್ದಾದುದರಿಂದ ಅದನ್ನು ಯಾರೊಬ್ಬರೂ ಸ್ವಂತ ಬೆಳೆಗೆ ಅಗೆಯತಕ್ಕದ್ದಲ್ಲ.

ಕನಕಾಂಬರ

ಇದು ದಕ್ಷಿಣ ಭಾರತ ಮತ್ತು ಸಿಂಹಳಕ್ಕೆ ಸೇರಿದ ಗಿಡ. ತೇವವನ್ನು ಬಯಸುವುದಾದರೂ ನಿಂತ ನೀರನ್ನು ಸಹಿಸದು. ಆದುದರಿಂದ ಮಣ್ಣನ್ನು ಏರಿಸಿ ಮಡಿ ಮಾಡಿ, ಗುಂಟೆಗೆ ಸುಮಾರು 250 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸೇರಿಸಬೇಕು. ಒಣಗಿದ ತೆನೆಗಳ ಕಾಯಿಗಳು ನೀರು ಸೋಕಿದೊಡನೆ ಸಿಡಿದು ಬೀಜವನ್ನು ಚೆಲ್ಲುವುದರಿಂದ, ಬಲಿತ ತೆನೆಗಳನ್ನು ಮಳೆಗೆ ಮುಂಚೆಯೇ ಕೊಯ್ದಿಟ್ಟುಕೊಳ್ಳಬೇಕು. ಒಟ್ಟಲು ಪಾತಿಯಲ್ಲಿ ಎರಡು ತಿಂಗಳು ಬೆಳೆದ ಸಸಿಗಳನ್ನು ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ ಅಂತರದಲ್ಲಿ ನೆಡುವುದು. ಡೆಲ್ಲಿ ಕನಕಾಂಬರವು ಬೀಜ ಕಟ್ಟುವುದಿಲ್ಲ. ಅದನ್ನು ಕಡ್ಡಿಗಳಿಂದಲೇ ಬೆಳೆಸಬೇಕು.

ನೆಟ್ಟ ಎರಡು ಮೂರು ತಿಂಗಳಿಗೆ ಹೂ ಬಿಡತೊಡಗುವುದು. ದಿನ ಬಿಟ್ಟು ದಿನ, ಮುಂಜಾನೆಯ ತಂಪಿನಲ್ಲಿ ಬಿಡಿಸಬೇಕು. ಪರಿಮಳವಿಲ್ಲದಿದ್ದರೂ ಕಟ್ಟಿದ ದಂಡೆ ಬೇಗ ಬಾಡದಿರುವುದರಿಂದ ಈ ಹೂವಿಗೆ ಬೇಡಿಕೆ ಹೆಚ್ಚು. ಗಿಡಗಳು ಎರಡು ಮೂರು ವರ್ಷ ಚೆನ್ನಾಗಿ ಫಲ ಕೊಡುವುವು.

ಸೊರಗು ರೋಗ

ಕನಕಾಂಬರದ ದೊಡ್ಡ ಶತ್ರು ಇದೇ. ಕಣ್ಣಿಗೆ ಕಾಣದ ಜಂತುಹುಳುಗಳು ಬೇರನ್ನು ಗಾಯಗೊಳಿಸಿದಲ್ಲಿ ಬೂಷ್ಟು ಹೊಕ್ಕು ಗಿಡವು ಹಳದಿಯಾಗಿ ಸಾಯುವುದು. ಅಂತಹ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ನಾಟಿಗೆ ಮುಂಚೆ ಗುಂಟೆಗೆ ಸುಮಾರು 10 ಕಿಲೋ ಬೇವಿನ ಹಿಂಡಿ ಹಾಕುವುದೂ, ಮುಗಿದ ಬೆಳೆಯ ಸ್ಥಳದಲ್ಲಿ ಮತ್ತೆ ಕನಕಾಂಬರವನ್ನು ನೆಡದೆ ಚೆಂಡುಹೂವನ್ನು ಬೆಳೆಯುವುದೂ ಹಿತಕರ.

ಸುರುಳಿ ಸುಗಂಧಿ

ಶುಂಠಿಯ ಜಾತಿಗೆ ಸೇರಿದ ಈ ಗಿಡವು ಕನಕಾಂಬರವು ಸಹಿಸದಷ್ಟು ತೇವದಲ್ಲಿಯೂ ಬೆಳೆಯುವುದು. ಬಚ್ಚಲ ನೀರು ಹರಿಯುವ ಹಿತ್ತಿಲೇ ಇದಕ್ಕೆ ತಕ್ಕ ಸ್ಥಳ. ಆದರೆ ಸಾಬೂನು ಹೆಚ್ಚಾಗಿ ಬೆರೆತ ನೀರನ್ನು ಬುಡಕ್ಕೆ ಬಿಡಬಾರದು. ಮುಂಗಾರಿನ ಮೊದಲಲ್ಲಿ ಮೊಳಕೆಯುಳ್ಳ ಗೆಡ್ಡೆಗಳನ್ನು ಎರಡು ಮೂರು ಅಂಗುಲ ಆಳದಲ್ಲಿ, ಎರಡಡಿ ಅಂತರದಲ್ಲಿ ನೆಡುವುದು. ಮಳೆಗಾಲದಲ್ಲಿ ಬೆಳ್ಳಗೆ ಅರಳುವ ಹೂವು ಸಂಜೆಗೆ ಹೆಚ್ಚು ಪರಿಮಳಿಸುವುದು. ಹೂ ಮುಗಿದ ದಂಟನ್ನು ಬುಡಕ್ಕೆ ಕತ್ತರಿಸಿದರೆ ಹೊಸ ಮೊಳಕೆಗಳಿಗೆ ಅವಕಾಶವಾಗುವುದು. ಗೆಡ್ಡೆ ಹಬ್ಬಿ ನೀರಿನ ದಾರಿಯನ್ನು ಕಟ್ಟುವ ಸ್ವಭಾವ ಇದಕ್ಕಿರುವುದರಿಂದ ಕೆರೆಯ ಕಾಲುವೆ, ತೂಬುಗಳ ಬಳಿ ಎಂದಿಗೂ ನೆಡತಕ್ಕದ್ದಲ್ಲ.

ಮಾವಿನ ತೋಪಿನವರಿಗೆ ಎಚ್ಚರಿಕೆ

ನೆರಳಿದೆಯೆಂದು ಫಸಲು ಬರುವ ಮಾವಿನ ಬುಡದಲ್ಲಿ ಹೂಮಡಿ ಮಾಡುವುದು ತಪ್ಪು. ಹೂ ಬಿಡುವ ಮುನ್ನ ಎರಡು ಮೂರು ತಿಂಗಳು ಮಾವಿಗೆ ಒಣ ವಿಶ್ರಾಂತಿ ಬೇಕು. ಆ ಕಾಲದಲ್ಲಿ ಹೂಗಿಡಕ್ಕೆಂದು ನೀರುಣಿಸಿದರೆ ಮರವು ಹೂವಿನ ಬದಲು ಚಿಗುರನ್ನು ತಳೆಯುವುದು. ಹಿಡಿ ಕನಕಾಂಬರಕ್ಕಾಗಿ ವರ್ಷದ ಮಾವಿನ ಫಸಲನ್ನು ಕಳೆದುಕೊಂಡಂತಾಗುವುದು. ಅಗೆತದಿಂದ ಮೇಲ್ಮಣ್ಣಿನ ಬೇರುಗಳಿಗೂ ಪೆಟ್ಟು ತಗುಲುವುದು.

ಹೊದಿಕೆ

ತರಗನ್ನು ಗುಡಿಸಿ ಸುಡುವ ರೂಢಿಯನ್ನು ಬಿಡಬೇಕು. ಗಿಡಗಳ ನಡುವೆ ಎರಡು ಮೂರು ಅಂಗುಲ ದಪ್ಪ ಹರಡಿದರೆ ತೇವವು ಬೇಗ ಆರದೆ, ಕಳೆ ಅಡಗಿ, ತರಗು ಕ್ರಮೇಣ ಗೊಬ್ಬರವಾಗುವುದು. ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಸ್ವಲ್ಪ ದೂರವಿಡಬೇಕು. ಬೆರಳಿನಿಂದ ಮಣ್ಣನ್ನು ಕೆದಕಿ ನೋಡಿ, ಒಳಗೆ ತೇವ ಆರಿದ್ದರೆ ಮಾತ್ರ ನೀರು ಕೊಡುವುದು.

ಮೊದಲ ವರ್ಷ ಒಂದು ಗುಂಟೆಗೆ ಮೀರದೆ ಬೆಳೆದು, ನೀರಿನ ಖರ್ಚನ್ನೂ ಹೂವಿನ ಬೆಲೆಯನ್ನೂ ಬರೆದಿಟ್ಟು ನೋಡಿ, ಅನಂತರ ವಿಸ್ತರಿಸುವುದು ಲೇಸು. ಊರಿನ ಹಿರಿಯರು ತಮ್ಮ ಹಿತ್ತಿಲಲ್ಲಿಯೇ ಒಂದು ಮಡಿಯನ್ನು ಮಾಡಿ ತೋರಿಸಿದರೆ, ಉಳಿದವರು ಕಣ್ಣಾರೆ ಕಂಡು ಅನುಸರಿಸುವರು.